ಮೂರು ಡಬ್ಬಿಯೊಳಗಿನ ಮಷೀನು

ಏಳು ತಿಂಗಳಿಂದ ಮುಚ್ಚಿದ್ದ ಅಂಗಡಿಯ ಶಟರ್ ಎತ್ತಿದ್ದು ಸಾಮಾನು ಮಾರುವುದಕ್ಕಾಗಿ. ರಾಣೆಬೆನ್ನೂರಿನ ಮೇಡ್ಲೇರಿ ರಸ್ತೆಯಲ್ಲಿ ನಮ್ಮದೊಂದು ಸಣ್ಣ ರಿಪೇರಿ ಅಂಗಡಿ ಇತ್ತು. ಹೊಲಕ್ಕೆ ಔಷಧ ಹೊಡೆಯುವ ಪಂಪು, ನೀರೆತ್ತುವ ಸಣ್ಣ ಇಂಜಿನ್ನು, ಜನರೇಟರ್, ಇಂಥವನ್ನೆಲ್ಲ ನಮ್ಮ ಮನೆಯವರು ರಿಪೇರಿ ಮಾಡುತ್ತಿದ್ದರು. ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋದ ನಾನು ಸಂಜೆಯವರೆಗೂ ಅಲ್ಲೇ ಇರುತ್ತಿದ್ದೆ. ಬಿಚ್ಚಿದ ಸಾಮಾನುಗಳನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು ಕೊಡುವುದು, ನಟ್ಟು ಬಿಚ್ಚಲು ಕೇಳಿದ ನಂಬರಿನ ಪಾನಾ ಕೈಗಿಡುವುದು, ಬಂದವರಿಗೆ ವಾಷರು, ಪೈಪು ಮಾರುವುದು ನನ್ನ ಕೆಲಸ. ಇಪ್ಪತ್ತು ವರ್ಷ ಹೀಗೇ ನಡೆದಿತ್ತು. ಆದರೂ ನನಗೆ ರಿಪೇರಿ ಗೊತ್ತು ಎಂದು ಯಾರೂ ಅಂದುಕೊಂಡಿರಲಿಲ್ಲ. ನಾನೂ ಅಂದುಕೊಂಡಿರಲಿಲ್ಲ.

ಬ್ಯಾಡಗಿಯಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಅಂಗಳದಲ್ಲಿ ಜನರೇಟರ್ ಬಿಚ್ಚಿಕೊಂಡು ಕೂತಿದ್ದಾಗ ನಮ್ಮ ಮನೆಯವರಿಗೆ ಲಕ್ವಾ ಹೊಡೆಯಿತು. ಕೈಯಿಂದ ಪಾನಾ ಜಾರಿತಂತೆ. ಎತ್ತಿಕೊಳ್ಳಲು ಬಗ್ಗಿದವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಮೆಣಸಿನಕಾಯಿ ಘಾಟು ನೆತ್ತಿಗೇರಿರಬೇಕು ಎಂದು ಅಲ್ಲಿದ್ದವರು ನೀರು ಕುಡಿಸಲು ನೋಡಿದರು. ಕುಡಿಸಿದ ನೀರು ಬಾಯಿಯ ಒಂದೇ ಬದಿಯಿಂದ ಹೊರಗೆ ಹರಿದಾಗ ಗಾಬರಿಯಾಗಿ ಜೀಪಿನಲ್ಲಿ ಹಾಕಿಕೊಂಡು ದಾವಣಗೆರೆಗೆ ಓಡಿದರು. ಜೀವ ಉಳಿಯಿತು. ಬಲಗೈ ಉಳಿಯಲಿಲ್ಲ. ಬಲಗಾಲು ಕೋಲು ಹಿಡಿದು ಎಳೆದುಕೊಂಡು ನಡೆಯುವಷ್ಟು ಮಟ್ಟಿಗೆ ಬಂತು. ಮಾತು ಹೋಯಿತು. ಮೂರು ತಿಂಗಳ ಮೇಲೆ ಒಂದು ಮಾತು ವಾಪಸ್ ಬಂತು: ‘ಆತು’. ನೀರು ಬೇಕೆಂದರೂ ಆತು, ಬೇಡವೆಂದರೂ ಆತು, ಸೊಳ್ಳೆ ಕಚ್ಚುತ್ತಿದೆ ಎಂದರೂ ಆತು. ಒಳಗೆ ಎಲ್ಲ ತಿಳಿಯುತ್ತದೆ, ಹೊರಗೆ ಬರುವಾಗ ಎಲ್ಲವೂ ಅದೊಂದೇ ಶಬ್ದವಾಗಿ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದು ಯಾವ ‘ಆತು’ ಎಂದು ಮುಖ ನೋಡಿ ತಿಳಿದುಕೊಳ್ಳುವುದು ನನ್ನ ಪಾಲಿಗೆ ಬಂದ ಕೆಲಸ.

ಹಾವೇರಿಯಲ್ಲಿ ಇಂಥದ್ದೇ ಅಂಗಡಿ ಇಟ್ಟಿದ್ದ ಒಬ್ಬರು ನಮ್ಮ ಹತ್ಯಾರಗಳನ್ನು ಕೊಳ್ಳುತ್ತೇನೆಂದು ಹೇಳಿ ಕಳಿಸಿದ್ದರು. ಗುರುವಾರ ಬಂದು ನೋಡುತ್ತೇನೆಂದಿದ್ದರು. ಅಂದು ಬೆಳಿಗ್ಗೆ ನಮ್ಮ ಮನೆಯವರಿಗೆ ಸ್ನಾನ ಮಾಡಿಸಿ, ಹಾಲಿನಲ್ಲಿ ನೆನೆಸಿದ ರೊಟ್ಟಿ ತಿನ್ನಿಸಿ, ಆಟೋದಲ್ಲಿ ಕರೆದುಕೊಂಡು ಹೋಗಿ ಅಂಗಡಿಯೊಳಗಿನ ಕುರ್ಚಿಯಲ್ಲಿ ಕೂರಿಸಿದೆ. ಮನೆಯಲ್ಲಿ ಒಬ್ಬರನ್ನೇ ಬಿಡುವ ಹಾಗಿರಲಿಲ್ಲ. ಅವರ ಕಣ್ಣೆದುರೇ ಅವರ ಸಾಮಾನು ಮಾರುವುದು ಸರಿಯಲ್ಲ ಎಂದು ನನಗೆ ಅನ್ನಿಸದೇ ಇರಲಿಲ್ಲ. ಆದರೆ ಆ ದಿನಗಳಲ್ಲಿ ಸರಿ ತಪ್ಪು ಯೋಚಿಸುವಷ್ಟು ಕಸುವು ನನ್ನಲ್ಲಿ ಉಳಿದಿರಲಿಲ್ಲ. ರಾತ್ರಿ ನಾಲ್ಕು ಸಲ ಏಳುವುದು, ಬೆಳಿಗ್ಗೆ ಕೈಕಾಲು ತಿಕ್ಕುವುದು, ಬಟ್ಟೆ ಒಗೆಯುವುದು, ಇಷ್ಟರಲ್ಲೇ ದಿನ ಮುಗಿದು ಹೋಗುತ್ತಿತ್ತು.

ಹಾವೇರಿಯವರಿಗಿಂತ ಮೊದಲು ಅಗಡಿ ಊರಿನ ಒಬ್ಬ ರೈತರು ಬಂದರು. ಐವತ್ತರ ಆಚೀಚೆಯ ವಯಸ್ಸು, ಬಿಳಿ ಟೋಪಿ, ಮೆಲುದನಿ. ಬೇರೆ ಕೆಲಸಕ್ಕೆ ಊರಿಗೆ ಬಂದವರು ಶಟರ್ ತೆರೆದದ್ದು ಕಂಡು ನಿಂತಿದ್ದರು. ನಮ್ಮ ಮನೆಯವರ ಅವಸ್ಥೆ ಅವರಿಗೆ ಗೊತ್ತಿರಲಿಲ್ಲ. ಕುರ್ಚಿಯ ಮುಂದೆ ನಿಂತು ನೋಡಿ, ನನ್ನ ಕಡೆ ತಿರುಗಿ, ತಮ್ಮ ಕಸ ಹೊಡೆಯುವ ಮಷೀನು ಇಲ್ಲೇ ಇತ್ತೆಂದೂ, ಹೇಗಿದೆಯೋ ಹಾಗೇ ಕೊಟ್ಟರೆ ಒಯ್ಯುತ್ತೇನೆಂದೂ ಹೇಳಿದರು.

ಅದು ಬ್ರಷ್ ಕಟರ್. ಉದ್ದನೆಯ ಕೊಳವೆ, ಒಂದು ತುದಿಯಲ್ಲಿ ಪೆಟ್ರೋಲಿನ ಪುಟ್ಟ ಇಂಜಿನ್ನು, ಇನ್ನೊಂದು ತುದಿಯಲ್ಲಿ ಗರಗಸದ ಹಲ್ಲಿನ ಚಕ್ರ. ಹೆಗಲಿಗೆ ಪಟ್ಟಿ ಹಾಕಿಕೊಂಡು ಬೀಸುತ್ತ ಹೋದರೆ ಹುಲ್ಲು, ಮುಳ್ಳುಕಂಟಿ ಎಲ್ಲ ನೆಲಕ್ಕೆ ಬೀಳುತ್ತದೆ. ಆಗ ನಮ್ಮ ಕಡೆ ಅಂಥವು ಬೆರಳೆಣಿಕೆಯಷ್ಟು ಮಾತ್ರ ಇದ್ದವು. ಅಗಡಿಯವರದು ಯಾರೋ ಶಿರಸಿ ಕಡೆಯವರಿಂದ ಬಂದ ಹಳೆಯ ವಿಲಾಯಿತಿ ಮಷೀನು. ಅವರ ಸಪೋಟಾ ತೋಟದ ಕೊಟ್ಟಿಗೆಯಲ್ಲಿ ನಾಲ್ಕು ವರ್ಷ ಸುಮ್ಮನೆ ಬಿದ್ದು, ಹೋದ ವರ್ಷ ನಮ್ಮಲ್ಲಿಗೆ ಬಂದಿತ್ತು.

ನಾನು ಮೂಲೆಯಲ್ಲಿ ಹುಡುಕಿದೆ. ಕೊಳವೆ ಗೋಡೆಗೆ ಒರಗಿತ್ತು. ಇಂಜಿನ್ನು ಇರಲಿಲ್ಲ. ಅದು ಮೂರು ಬಿಸ್ಕಿಟ್ ಡಬ್ಬಿಗಳಲ್ಲಿ ಇತ್ತು. ಬ್ಯಾಡಗಿಗೆ ಹೋಗುವ ಮುಂಚಿನ ದಿನ ಇವರು ಬಿಚ್ಚಿಟ್ಟದ್ದು ಅದೇ. ಮುಚ್ಚಳ ತೆಗೆದು ಅಗಡಿಯವರಿಗೆ ತೋರಿಸಿದೆ. ಅವರು ಬಗ್ಗಿ ಒಳಗೆ ನೋಡಿದರು. ಒಂದು ಚೀಲ ಕೊಟ್ಟರೆ ತುಂಬಿಕೊಂಡು ಹೋಗುತ್ತೇನೆ ಎಂದರು. ಚೀಲ ತೆಗೆಯಲು ಹೋದವಳು ಯಾಕೋ ನಿಂತೆ. ಇಪ್ಪತ್ತು ವರ್ಷದಲ್ಲಿ ಈ ಅಂಗಡಿಯಿಂದ ಯಾರೂ ತಮ್ಮ ಸಾಮಾನನ್ನು ಬಿಚ್ಚಿದ ಹಾಗೇ ಚೀಲದಲ್ಲಿ ತುಂಬಿಕೊಂಡು ಹೋಗಿರಲಿಲ್ಲ.

“ಹದಿನೈದು ದಿನ ಬಿಟ್ಟು ಬರ್ರಿ ಅಣ್ಣಾರ” ಎಂದೆ.

“ಯಾರು ಮಾಡ್ತಾರ್ರಿ ಅಕ್ಕಾರ?” ಎಂದು ಕೇಳಿದರು. ವ್ಯಂಗ್ಯವಿರಲಿಲ್ಲ. ಖರೇನೇ ತಿಳಿದುಕೊಳ್ಳಬೇಕಿತ್ತು ಅವರಿಗೆ.

ಕುರ್ಚಿಯಿಂದ ನಮ್ಮ ಮನೆಯವರು “ಆತು” ಎಂದರು. ಅಗಡಿಯವರು ಅದನ್ನು ಒಪ್ಪಿಗೆ ಎಂದು ತಿಳಿದು, ಕೈಮುಗಿದು ಹೋದರು. ಅದು ಯಾವ ಆತು ಎಂದು ನನಗೂ ತಿಳಿಯಲಿಲ್ಲ.

ಹಾವೇರಿಯವರು ಮಧ್ಯಾಹ್ನ ಬಂದರು. ದಪ್ಪ ಕನ್ನಡಕದ, ಕಡಿಮೆ ಮಾತಿನ ಮನುಷ್ಯ. ಕಂಪ್ರೆಸರ್, ವೈಸು, ಪಾನಾಗಳ ಸೆಟ್ಟು ಎಲ್ಲ ಮುಟ್ಟಿ ನೋಡಿ ತಲೆಯಾಡಿಸಿದರು. ಒಂದು ಕೆಲಸ ಬಾಕಿ ಇದೆ, ಅದು ಮುಗಿದ ಮೇಲೆ ಒಯ್ಯಿರಿ ಎಂದೆ. ಟೆಂಪೋ ತೆಗೆದುಕೊಂಡು ಬಂದಿದ್ದರು, ಬೇಸರವಾಯಿತು. ಹೋಗುವಾಗ ಡಬ್ಬಿಗಳ ಕಡೆ ಬಗ್ಗಿ ನೋಡಿ, ಇದು ಗುಜರಿಗೆ ಹೋಗಬೇಕಾದ ಮಾಲು, ಸುಮ್ಮನೆ ಕೈ ಕೆಡಿಸಿಕೊಳ್ಳಬೇಡಿ ಎಂದರು.

ಮಾರನೆಯ ದಿನದಿಂದ ಹನ್ನೊಂದಕ್ಕೆ ಹೋಗಿ ನಾಲ್ಕಕ್ಕೆ ಬರುವುದೆಂದು ಇಟ್ಟುಕೊಂಡೆ. ತೊಳೆಯುವುದು ನನಗೆ ಗೊತ್ತಿದ್ದ ಕೆಲಸ, ಅದರಿಂದಲೇ ಶುರು ಮಾಡಿದೆ. ಒಂದೊಂದೇ ತುಣುಕು ಚಿಮಣಿ ಎಣ್ಣೆಯಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಪೇಪರಿನ ಮೇಲೆ ಸಾಲಾಗಿ ಇಟ್ಟೆ. ಸೈಲೆನ್ಸರಿನ ಬಾಯಿ ಮಸಿ ಕಟ್ಟಿ ಮುಚ್ಚಿಯೇ ಹೋಗಿತ್ತು, ಮೊಳೆಯಿಂದ ಕೆರೆದು ಕೆರೆದು ತೆಗೆದೆ. ಪೆಟ್ರೋಲ್ ಬರುವ ಪೈಪು ಮುಟ್ಟಿದರೆ ಪುಡಿಯಾಯಿತು. ಕಾರ್ಬುರೇಟರಿನೊಳಗೆ ಪೆಟ್ರೋಲ್ ಎಳೆದುಕೊಳ್ಳಲು ತೆಳ್ಳನೆಯ ಒಂದು ರಬ್ಬರಿನ ಪರದೆ ಇರುತ್ತದೆ. ಅದು ಮೆತ್ತಗಿದ್ದು ಉಸಿರಾಡಿದ ಹಾಗೆ ಆಡಬೇಕು. ಇದರಲ್ಲಿ ಅದು ಹಪ್ಪಳದ ಹಾಗೆ ಸೆಟೆದುಕೊಂಡಿತ್ತು.

ಮೂರನೆಯ ದಿನ ಪಿಸ್ಟನ್ನಿಗೆ ಅಂಟಿಕೊಂಡ ಎರಡು ಉಂಗುರಗಳಲ್ಲಿ ಒಂದನ್ನು ಬಿಡಿಸಲು ಹೋಗಿ ಮುರಿದೆ. ಟಕ್ ಎಂದಷ್ಟೇ ಸದ್ದಾಯಿತು. ಎರಡು ತುಂಡು ಕೈಯಲ್ಲಿ ಹಿಡಿದುಕೊಂಡು ಕೂತೆ. ಇದ್ದದ್ದನ್ನೂ ಹಾಳು ಮಾಡಿದೆನಲ್ಲ ಎಂದು ಅಳು ಕೂಡ ಬರಲಿಲ್ಲ, ಅಷ್ಟು ಸಾಕಾಗಿತ್ತು. ಇವರು ಎಡಗೈ ಚಾಚಿ ಆ ತುಂಡುಗಳನ್ನು ಇಸಿದುಕೊಂಡು, ಕಣ್ಣ ಹತ್ತಿರ ಹಿಡಿದು ತಿರುಗಿಸಿ ನೋಡಿ, ನೆಲಕ್ಕೆ ಒಗೆದರು. ಸಿಟ್ಟಿನಿಂದ ಒಗೆದದ್ದಲ್ಲ. ಮೊದಲಾದರೂ ಸವೆದ ಸಾಮಾನನ್ನು ಅವರು ಹಾಗೇ ಒಗೆಯುತ್ತಿದ್ದರು. ಆ ಉಂಗುರ ಹೇಗೂ ಬದಲಾಯಿಸಬೇಕಾದದ್ದೇ ಇರಬೇಕು ಎಂದು ನನಗೆ ಆಗ ಹೊಳೆಯಿತು.

ಹೊಸ ಉಂಗುರ, ಪರದೆ ರಾಣೆಬೆನ್ನೂರಿನಲ್ಲಿ ಸಿಗಲಿಲ್ಲ. ಪಕ್ಕದ ಹಿಟ್ಟಿನ ಗಿರಣಿಯವರಿಗೆ ಇವರನ್ನು ನೋಡಿಕೊಳ್ಳಲು ಹೇಳಿ, ಪಿಸ್ಟನ್ನು, ಸಿಲಿಂಡರು ಎರಡನ್ನೂ ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಹಾವೇರಿ ಬಸ್ಸು ಹತ್ತಿದೆ. ಏಳು ತಿಂಗಳಲ್ಲಿ ಅವರನ್ನು ಬಿಟ್ಟು ಅಷ್ಟು ದೂರ ಹೋದದ್ದು ಅದೇ ಮೊದಲು. ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದೆ. ಕಂಡಕ್ಟರು ಎಬ್ಬಿಸದಿದ್ದರೆ ಹುಬ್ಬಳ್ಳಿಗೇ ಹೋಗಿಬಿಡುತ್ತಿದ್ದೆನೇನೋ.

ಹೋದದ್ದು ಆ ಕನ್ನಡಕದವರ ಅಂಗಡಿಗೇ. ನನಗೆ ಗೊತ್ತಿದ್ದದ್ದು ಅವರೊಬ್ಬರೇ. ಟವೆಲ್ ಬಿಚ್ಚಿ ಮೇಜಿನ ಮೇಲಿಟ್ಟಾಗ ಅವರು ಕೆಲಸ ನಿಲ್ಲಿಸಿದರು.

“ನೀವ ಮಾಡಾಕತ್ತೀರೇನ್ರಿ?”

“ಹೌದ್ರಿ. ಮತ್ಯಾರು ಅದಾರ?”

ಅವರು ಒಂದರ ಹಿಂದೊಂದು ಖಾನೆ ಎಳೆದು, ಔಷಧ ಹೊಡೆಯುವ ಪಂಪಿನ ಉಂಗುರಗಳನ್ನು ತೆಗೆದು ಒಂದೊಂದೇ ಸಿಲಿಂಡರಿನಲ್ಲಿ ಇಟ್ಟು ನೋಡತೊಡಗಿದರು. ನಾಲ್ಕನೆಯದು ಹೊಂದಿತು. ಆದರೆ ಹೊಂದಿದರೆ ಸಾಲದಂತೆ. ಉಂಗುರವನ್ನು ಸಿಲಿಂಡರಿನೊಳಗೆ ತಳ್ಳಿದಾಗ ಅದರ ಎರಡು ತುದಿಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿಯಬೇಕು. ಇಲ್ಲದಿದ್ದರೆ ಬಿಸಿಯಾದಾಗ ಉಬ್ಬಿ ಹಿಡಿದುಕೊಳ್ಳುತ್ತದೆ. ಅವರು ತುದಿಯನ್ನು ಅರದಿಂದ ಎರಡು ಸಲ ಉಜ್ಜಿ, ಮತ್ತೆ ಒಳಗಿಟ್ಟು ನನಗೆ ತೋರಿಸಿದರು. ಆಮೇಲೆ ಅರವನ್ನು ನನ್ನ ಕೈಗೇ ಕೊಟ್ಟು, ಇನ್ನೊಂದು ಉಂಗುರ ನೀವೇ ಮಾಡಿ ಎಂದರು. ಗಿರಾಕಿಗಳು ಕಾಯುತ್ತಿದ್ದರು, ನಾನು ಮಾಡಿದೆ. ಪರದೆಯೂ ಸಿಕ್ಕಿತು. ಅಳತೆ ಸ್ವಲ್ಪ ದೊಡ್ಡದು, ಕತ್ತರಿಸಿಕೊಳ್ಳಬೇಕಿತ್ತು. ಚಹಾ ತರಿಸಿದರು. ನಮ್ಮ ಮನೆಯವರು ಊಟ ಮಾಡುತ್ತಾರೆಯೇ, ನಡೆಯುತ್ತಾರೆಯೇ ಎಂದು ವಿಚಾರಿಸಿದರು. ಹತ್ಯಾರದ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಜೋಡಿಸುವ ಹೊತ್ತಿನಲ್ಲಿ ಇವರ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡೆ. ನಾನು ತಪ್ಪು ಮಾಡಿದರೆ ಅವರು ಎಡಗೈ ಗೆಣ್ಣಿನಿಂದ ಮೇಜು ಕುಟ್ಟುತ್ತಿದ್ದರು. ಹಾಗೆ ಮಾಡಿ ಎಂದು ನಾನು ಹೇಳಿಕೊಟ್ಟಿರಲಿಲ್ಲ. ಉಂಗುರದ ತುದಿ ಪಿಸ್ಟನ್ನಿನ ಸಣ್ಣ ಮೊಳೆಯ ಮೇಲೆ ಕೂರದೆ ಹೋದಾಗ ಕುಟ್ಟಿದರು. ಗ್ಯಾಸ್ಕೆಟ್ ತಲೆಕೆಳಗಾಗಿ ಇಟ್ಟಾಗ ಕುಟ್ಟಿದರು. ಎಲ್ಲಿ ತಪ್ಪಿದೆ ಎಂದು ಹೇಳಲಾಗದು, ತಪ್ಪಿದೆ ಎಂದಷ್ಟೇ ಹೇಳಬಲ್ಲರು. ಮಿಕ್ಕದ್ದನ್ನು ನಾನೇ ಹುಡುಕಬೇಕು. ಒಂದೊಂದು ಸಲ ಹುಡುಕುವುದರಲ್ಲೇ ಗಂಟೆ ಹೋಗುತ್ತಿತ್ತು.

ಇಂಜಿನ್ನು ಕೂತ ಮೇಲೆ ಉಳಿದದ್ದು ಕೊಳವೆಯ ಆ ತುದಿಯ ಚಕ್ರ. ಅದರ ಬುಡದಲ್ಲಿ ಒಣ ಹುಲ್ಲು ಹಗ್ಗದ ಹಾಗೆ ಸುತ್ತಿಕೊಂಡು ಗಟ್ಟಿಯಾಗಿತ್ತು. ಚಕ್ರ ತೆಗೆದು ಒಳಗೆ ಗ್ರೀಸ್ ತುಂಬಬೇಕು. ಅದಕ್ಕೆ ನಡುವಿನ ನಟ್ಟು ಬಿಚ್ಚಬೇಕು. ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ರಾತ್ರಿಯೆಲ್ಲ ಇಟ್ಟು, ಮಾರನೆಯ ದಿನ ಪಾನಾ ಹಾಕಿದೆ. ಬರಲಿಲ್ಲ. ಪಾನಾದ ಹಿಡಿಗೆ ಕಬ್ಬಿಣದ ಪೈಪು ಸೇರಿಸಿ ಮೈಭಾರವೆಲ್ಲ ಹಾಕಿದೆ. ಇವರು ಕುಟ್ಟಿದರು. ನಾನು ನಿಲ್ಲಿಸಲಿಲ್ಲ, ನಟ್ಟು ಬಿಚ್ಚುವುದರಲ್ಲಿ ತಪ್ಪೇನಿರುತ್ತದೆ? ಮತ್ತೆ ಕುಟ್ಟಿದರು. “ಆತು, ಆತು” ಎಂದು ದನಿ ಏರಿಸಿದರು. ಪೈಪು ಜಾರಿ ನನ್ನ ಗೆಣ್ಣು ಚಕ್ರದ ಹಲ್ಲಿಗೆ ಬಡಿದು ರಕ್ತ ಬಂತು.

“ಏನ್ ಆತ್ರಿ?” ಎಂದುಬಿಟ್ಟೆ. “ಏನ್ ಆಗೇತಿ ಹೇಳ್ರಿ. ನನ್ನ ಕೈ ಹ್ವಾದುವು, ಸೊಂಟ ಹೋತು, ನಿದ್ದಿ ಹೋತು. ಇನ್ನೂ ಏನ್ ಆಗಬೇಕು? ನನಗ ಸಾಕಾಗೇತಿ.”

ಇಪ್ಪತ್ತು ವರ್ಷದಲ್ಲಿ ಅವರಿಗೆ ನಾನು ಹಾಗೆ ಮಾತಾಡಿದ್ದಿಲ್ಲ. ಗಿರಣಿಯ ಸದ್ದಿನಲ್ಲಿ ಹೊರಗೆ ಯಾರಿಗೂ ಕೇಳಿಸಿರಲಿಕ್ಕಿಲ್ಲ. ಅವರು ನನ್ನನ್ನೇ ನೋಡಿದರು. ಆಮೇಲೆ ಕೋಲು ಊರಿ, ಎದ್ದು, ಬಲಗಾಲು ಎಳೆಯುತ್ತ ಮೇಜಿನ ಆಚೆ ಬದಿಗೆ ಬಂದರು. ಕೋಲನ್ನು ಗೋಡೆಗೆ ಆನಿಸಿ, ಪೈಪಿನ ತುದಿಯನ್ನು ಎಡಗೈಯಲ್ಲಿ ಹಿಡಿದು, ನಾನು ಒತ್ತುತ್ತಿದ್ದ ಕಡೆಗಲ್ಲ, ಅದರ ವಿರುದ್ಧ ಕಡೆಗೆ ಮೈಯೆಲ್ಲ ವಾಲಿಸಿ ಒತ್ತಿದರು. ಬೀಳುತ್ತಾರೆಂದು ನಾನು ಸೊಂಟ ಹಿಡಿದುಕೊಂಡೆ. ಕಿರ್ ಎಂದು ನಟ್ಟು ಸಡಿಲಾಯಿತು.

ಆ ನಟ್ಟಿನ ಥ್ರೆಡ್ಡೇ ಉಲ್ಟಾ. ಚಕ್ರ ತಿರುಗುವಾಗ ನಟ್ಟು ತಾನಾಗಿ ಬಿಚ್ಚಿಕೊಳ್ಳಬಾರದೆಂದು ಹಾಗೆ ಮಾಡಿರುತ್ತಾರೆ. ನಾನು ಅರ್ಧ ದಿನದಿಂದ ಅದನ್ನು ಬಿಚ್ಚುತ್ತಿರಲಿಲ್ಲ, ಬಿಗಿ ಮಾಡುತ್ತಿದ್ದೆ. ಅವರನ್ನು ವಾಪಸ್ ಕೂರಿಸಿದಾಗ ಅಂಗಿ ಬೆವರಿನಿಂದ ತೊಯ್ದು ಎದೆ ಏರಿಳಿಯುತ್ತಿತ್ತು. ನಾನು ಕ್ಷಮೆ ಕೇಳಲಿಲ್ಲ, ನಮ್ಮಲ್ಲಿ ಆ ರೂಢಿಯಿಲ್ಲ. ನೀರು ಕುಡಿಸಿದೆ. ಅವರು ನನ್ನ ಗೆಣ್ಣಿನ ಗಾಯವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ರಕ್ತ ನಿಲ್ಲುವವರೆಗೆ ಬಿಡಲಿಲ್ಲ.

ಹದಿನೈದನೆಯ ದಿನ ಅಗಡಿಯವರು ಬಂದಾಗ ಮಷೀನು ನೋಡಲು ಪೂರ್ತಿಯಾಗಿತ್ತು, ಆದರೆ ಚಾಲೂ ಆಗುತ್ತಿರಲಿಲ್ಲ. ಹಗ್ಗ ಎಳೆದು ಎಳೆದು ನನ್ನ ರಟ್ಟೆ ಮೇಲೇಳುತ್ತಿರಲಿಲ್ಲ. ಅವರೂ ಎಳೆದು ನೋಡಿದರು. ಪೆಟ್ರೋಲಿಗೆ ಎಣ್ಣೆ ಸರಿಯಾಗಿ ಬೆರೆಸಿದ್ದೆ, ಪರದೆ ಆಡುತ್ತಿತ್ತು, ಪ್ಲಗ್ ಹೊಸದು. ಇನ್ನು ಮೂರು ದಿನ ಕೊಡಿ ಎಂದೆ. ಅವರು ತಲೆಯಾಡಿಸಿ ಹೋದರು. ಹೋಗುವಾಗ ತೋಟದ ಸಪೋಟಾ ಒಂದು ಚೀಲ ಇಟ್ಟು ಹೋದರು. ಅದು ನನಗೆ ಇನ್ನಷ್ಟು ಭಾರವಾಯಿತು.

ಮರುದಿನ ಮಧ್ಯಾಹ್ನ ಇವರು ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಪ್ಲಗ್ ಬಿಚ್ಚಿ ಇಂಜಿನ್ನಿನ ಮೈಗೆ ತಾಗಿಸಿ ಹಗ್ಗ ಎಳೆದೆ. ಕಿಡಿ ಇರಲಿಲ್ಲ. ಪ್ಲಗ್ ಹೊಸದಾದರೂ ಕಿಡಿ ಯಾಕಿಲ್ಲ? ವೈರನ್ನು ಬೆರಳಿನಿಂದ ಮುಟ್ಟುತ್ತ ಮುಟ್ಟುತ್ತ ಹಿಡಿಕೆಯವರೆಗೆ ಹೋದೆ. ಅಲ್ಲಿ ಇಂಜಿನ್ನು ನಿಲ್ಲಿಸುವ ಸ್ವಿಚ್ಚಿನ ಹತ್ತಿರ ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಇಲಿ ತಿಂದಿತ್ತು. ಬರೀ ತಂತಿ ಕೊಳವೆಗೆ ತಾಗುತ್ತಿತ್ತು. ಅಂದರೆ ಮಷೀನು ಯಾವಾಗಲೂ ‘ನಿಲ್ಲು’ ಎಂದೇ ಕೇಳಿಸಿಕೊಳ್ಳುತ್ತಿತ್ತು. ಟೇಪು ಸುತ್ತಿ ಬೇರೆ ಮಾಡಿ, ಮತ್ತೆ ಹಗ್ಗ ಎಳೆದೆ. ನೀಲಿ ಕಿಡಿ ಚಟ್ ಎಂದಿತು. ಪ್ಲಗ್ ವಾಪಸ್ ಹಾಕಿ ಎಳೆದೆ. ಮೂರನೆಯ ಎಳೆತಕ್ಕೆ ಅದು ಕೆಮ್ಮಿತು, ಐದನೆಯದಕ್ಕೆ ಹಿಡಿದುಕೊಂಡಿತು.

ಸಣ್ಣ ಅಂಗಡಿಯೊಳಗೆ ಆ ಸದ್ದು ವಿಪರೀತವಾಗಿತ್ತು. ಹೊಗೆ ತುಂಬಿತು. ಇವರು ಬೆಚ್ಚಿ ಎದ್ದರು. ಗಿರಣಿಯಲ್ಲಿ ಹಿಟ್ಟು ಮೆತ್ತಿದ ಮುಖದವರು ಏನಾಯಿತೋ ಎಂದು ಓಡಿ ಬಂದರು. ನಾನು ಮಷೀನು ಹಿಡಿದುಕೊಂಡೇ ನಿಂತಿದ್ದೆ. ನಿಲ್ಲಿಸುವುದು ಹೇಗೆಂದು ಆ ಕ್ಷಣಕ್ಕೆ ಮರೆತೇ ಹೋಗಿತ್ತು. ಇವರೇ ಎಡಗೈ ಚಾಚಿ ಸ್ವಿಚ್ ಒತ್ತಿದರು. ಆಮೇಲೆ ಕಿವಿ ವಾಲಿಸಿ, ಮತ್ತೆ ಚಾಲೂ ಮಾಡು ಎಂಬಂತೆ ಕೈ ಆಡಿಸಿದರು. ಸದ್ದು ಕೇಳುತ್ತ, ಕಾರ್ಬುರೇಟರಿನ ತಿರುಪನ್ನು ನಾನು ಎಷ್ಟು ತಿರುಗಿಸಬೇಕೆಂದು ಬೆರಳಿನಿಂದ ತೋರಿಸಿದರು. ಇಷ್ಟು, ಇನ್ನೂ ಇಷ್ಟು, ಸಾಕು. ಅವರ ಕಿವಿ ಮೊದಲಿನ ಹಾಗೇ ಇತ್ತು.

ಅಗಡಿಯವರು ಬಂದ ದಿನ ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಆಳೆತ್ತರ ಬೆಳೆದಿದ್ದ ಕಾಂಗ್ರೆಸ್ ಗಿಡದ ಕಸದ ಮೇಲೆ ಮಷೀನನ್ನು ಪರೀಕ್ಷೆ ಮಾಡಿದರು. ಒಂದು ಪಟ್ಟೆಯಷ್ಟು ನೆಲ ಬೋಳಾಯಿತು. ಅವರು ನಿಲ್ಲಿಸಿ, ಹೆಗಲ ಪಟ್ಟಿ ತೆಗೆದು, ನನ್ನನ್ನಲ್ಲ, ಇವರನ್ನು ನೋಡಿ, “ಛಲೋ ಆಗೇತ್ರಿ” ಎಂದರು. ಇವರು ತಲೆ ಅಲ್ಲಾಡಿಸಿ ಎಡಗೈಯನ್ನು ನನ್ನ ಕಡೆ ಮಾಡಿದರು. ಅಗಡಿಯವರು ಸ್ವಲ್ಪ ತಡವರಿಸಿ ನನಗೂ ಅದೇ ಮಾತು ಹೇಳಿದರು.

ಆ ಮಷೀನು ಪೂರ್ತಿ ಸುಧಾರಿಸಿತು ಎಂದು ಹೇಳಲಾರೆ. ಮಳೆಗಾಲದಲ್ಲಿ ಎರಡು ಸಲ ವಾಪಸ್ ಬಂತು. ಒಮ್ಮೆ ಹಗ್ಗದ ಸ್ಪ್ರಿಂಗು ಮುರಿದಿತ್ತು, ಇನ್ನೊಮ್ಮೆ ನಾನು ಕತ್ತರಿಸಿ ಹಾಕಿದ್ದ ಪರದೆ ಹರಿದಿತ್ತು. ಹಾವೇರಿಯವರಿಗೆ ಫೋನ್ ಮಾಡಿ, ಹತ್ಯಾರ ಸದ್ಯ ಮಾರುವುದಿಲ್ಲ ಎಂದು ಹೇಳಿದೆ. ಅವರು ಹೂಂ ಎಂದು ಫೋನ್ ಇಟ್ಟರು. ಬೇಜಾರಾಗಿರಬೇಕು ಎಂದುಕೊಂಡಿದ್ದೆ. ತಿಂಗಳೊಪ್ಪತ್ತಿನ ಮೇಲೆ ಅವರೇ ಬಸ್ಸಿನಲ್ಲಿ ಒಂದು ಡಬ್ಬಿ ಸರಿಯಾದ ಅಳತೆಯ ಪರದೆಗಳನ್ನು ಕಳಿಸಿದರು. ಹತ್ತಿಗೆ ಔಷಧ ಹೊಡೆಯುವ ಹಂಗಾಮು ಬಂದಾಗ ಪಂಪುಗಳು ಬರತೊಡಗಿದವು. ಕೆಲವರು ಹೆಣ್ಣುಮಗಳು ಕೂತದ್ದನ್ನು ನೋಡಿ ಹಾಗೇ ಮುಂದೆ ಹೋದರು, ಕೆಲವರು ಇಳಿಸಿ ಹೋದರು. ಒಂಬತ್ತು ವರ್ಷ ಅಂಗಡಿ ನಡೆಸಿದೆ. ಕೆಲಸ ಕಲಿತೆ ನಿಜ, ಆದರೆ ಅದು ಹಗುರವೇನೂ ಆಗಲಿಲ್ಲ. ಬೆಳಿಗ್ಗೆಯ ಕೈಕಾಲು ತಿಕ್ಕುವ ಕೆಲಸ ಹಾಗೇ ಇತ್ತು, ಅದರ ಮೇಲೆ ಇದು ಕೂಡಿತು.

ಅಗಡಿಯವರು ಮೊದಲ ಸಲ ಮಷೀನು ಒಯ್ದ ಆ ಸಂಜೆ ಆಟೋ ಸಿಗಲಿಲ್ಲ. ಇಬ್ಬರೂ ನಡೆದೇ ಹೊರಟೆವು. ಹತ್ತು ಮಾರು ನಡೆಯುವುದು, ನಿಲ್ಲುವುದು. ದಾರಿಯಲ್ಲಿ ಒಂದು ಗಾಡಿಯ ಹತ್ತಿರ ಚುರುಮುರಿಯ ಗಿರ್ಮಿಟ್ ಕಟ್ಟಿಸಿಕೊಂಡೆ, ಅಡುಗೆ ಮಾಡುವ ಚೈತನ್ಯವಿರಲಿಲ್ಲ. ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತು ತಿಂದೆವು. ಅವರ ಬಾಯಿಯ ಬಲಬದಿಯಿಂದ ಚುರುಮುರಿ ಉದುರುತ್ತಿತ್ತು, ನಾನು ಸೆರಗಿನಿಂದ ಒರೆಸುತ್ತಿದ್ದೆ. ನನ್ನ ಕೈಗೆ ಪೆಟ್ರೋಲಿನ ವಾಸನೆ ಇತ್ತು, ತಿನ್ನುವಾಗ ಅದೇ ರುಚಿ ಬಂತು. ಅರ್ಧ ತಿಂದು ಪೊಟ್ಟಣ ಮಡಚಿದೆ. ಅವರು ಅದನ್ನು ಇಸಿದುಕೊಂಡು ಉಳಿದದ್ದನ್ನೂ ತಿಂದರು.